ಪದ ಬೇಕು, ತುರ್ತು: ವಿಶ್ವಭಾಷೆಯೋ, ಸಾರ್ವತ್ರಿಕ ಭಾಷೆಯೋ, ಬೇರೆ ಏನಾದರೂ ಇದೆಯೋ?

ಬಲ್ಲವರಿಗೆಲ್ಲ ನಮಸ್ಕಾರ.

ಗ್ರಂಥಾಲಯದ ಪ್ರದರ್ಶನವೊಂದಕ್ಕೆ ಫಲಕಗಳ ಅನುವಾದ ನಡೆದಿದೆ. ವಿಷಯ, ಇಡೀ ಮನುಕುಲಕ್ಕೆ ಒಂದು ಭಾಷೆ ಮಾಡಿಕೊಡಲು ನಡೆದ ಪ್ರಯತ್ನಗಳು. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಕಡತ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಮೂರು ಪದ ಇನ್ನೂ ಇತ್ಯರ್ಥವಾಗಿಲ್ಲ.

ಯೂನಿವರ್ಸಲ್ ಲ್ಯಾಂಗ್ವೇಜ್: ಜಾನ್ ವಿಲ್ಕಿನ್ಸ್ 1668ರಲ್ಲಿ ಮುಂದಿಟ್ಟ ಯೋಜನೆಯ ಫಲಕದಲ್ಲಿ ಬರುತ್ತದೆ.
ಇಂಟರ್‌ನ್ಯಾಷನಲ್ ಆಕ್ಸಿಲಿಯರಿ ಲ್ಯಾಂಗ್ವೇಜ್: ಎಸ್ಪೆರಾಂಟೊ ಫಲಕದಲ್ಲಿ.
ಲಿಂಗ್ವಾ ಫ್ರಾಂಕಾ: ಬಂದರುಗಳ ಮಾತಿನ ಬಗ್ಗೆ ಇರುವ ಕೊನೆಯ ಫಲಕದಲ್ಲಿ.

ಸದ್ಯಕ್ಕೆ ಮೂರಕ್ಕೂ ‘ವಿಶ್ವಭಾಷೆ’ ಎಂದೇ ಇದೆ. ಪ್ರದರ್ಶನದ ತಲೆಬರಹ ‘ಮನುಕುಲಕ್ಕೆ ಒಂದೇ ಭಾಷೆ ಸಾಧ್ಯವೇ?’ ಫಲಕ ಮೂರಡಿ ಅಗಲ. ತಲೆಬರಹ ಒಂದು ಸಾಲಿನಲ್ಲಿ, 16 ಅಕ್ಷರದೊಳಗೆ ಮುಗಿಯಬೇಕು. ಶಾಲೆಯ ಮಕ್ಕಳೂ ಓದುವವರು.

ಮಾ.ರಾ.

---

> ಸದ್ಯಕ್ಕೆ ಮೂರಕ್ಕೂ ‘ವಿಶ್ವಭಾಷೆ’ ಎಂದೇ ಇದೆ

ಹಾಗೇ ಇರಲಿ. ರೂಪ ಶುದ್ಧವಾಗಿದೆ, ಜನಕ್ಕೂ ಪರಿಚಿತ. ಯಾರಾದರೂ ‘ವಿಶ್ವನುಡಿ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಹೊಲಿದದ್ದು. ಹಳಗನ್ನಡದ ವೈಯಾಕರಣ ಕೇಶಿರಾಜ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ಕೊಟ್ಟ ರಿಯಾಯಿತಿ ನಾವು ಇವತ್ತು ಹುಟ್ಟಿಸುವ ಪದಕ್ಕೆ ಸಿಗುವುದಿಲ್ಲ.

ಗು.ಭ.

---

ಗು.ಭ. ಅವರೇ, ರೂಪ ಶುದ್ಧ, ಒಪ್ಪಿದೆ. ಅರ್ಥ ಕೆಟ್ಟಿದೆಯಲ್ಲ. ಇವು ಮೂರು ಬೇರೆ ಬೇರೆ ವಸ್ತುಗಳು. ಒಂದೇ ಹೆಸರಿಟ್ಟರೆ ಪ್ರದರ್ಶನ ಏನು ಹೇಳಬೇಕೆಂದಿದೆಯೋ ಅದೇ ಅಳಿಸಿಹೋಗುತ್ತದೆ.

ವಿಲ್ಕಿನ್ಸ್ ಹುಡುಕಿದ್ದು ಎಲ್ಲರೂ ಆಡುವ ಮಾತನ್ನಲ್ಲ, ವಸ್ತುಗಳ ವರ್ಗೀಕರಣವೇ ಪದವಾಗುವ ಬರಹವನ್ನು. ಲೋಕದಲ್ಲಿರುವುದನ್ನೆಲ್ಲ 40 ಕುಲಗಳಾಗಿ ಒಡೆದ. ಮೊದಲೆರಡು ಅಕ್ಷರ ಕುಲಕ್ಕೆ, ಮುಂದಿನ ವ್ಯಂಜನ ಒಳಭೇದಕ್ಕೆ, ಅದರ ಮೇಲಿನ ಸ್ವರ ಜಾತಿಗೆ. ‘ದೆ’ ಎಂದರೆ ಪಂಚಭೂತದಂಥ ಮೂಲವಸ್ತು, ‘ದೆಬ್’ ಎಂದರೆ ಬೆಂಕಿ, ‘ದೆಬ’ ಎಂದರೆ ಜ್ವಾಲೆ. ಕೆಡುವುದೂ ಇಲ್ಲೇ. ಹತ್ತಿರದ ವಸ್ತುಗಳಿಗೆಲ್ಲ ಹತ್ತಿರದ ಹೆಸರು ಬಂದು ಒಂದಕ್ಷರ ತಪ್ಪಿದರೆ ಟುಲಿಪ್ ಹೋಗಿ ಬಾರ್ಲಿ ಆಗುತ್ತದೆ. ಆ ತಪ್ಪು ವಿಲ್ಕಿನ್ಸನ ಕೈಯಿಂದಲೇ ಆಗಿದೆ. ಸಹಜ ಭಾಷೆಯಲ್ಲಿ ‘ಅಕ್ಕಿ’ ‘ಗೋಧಿ’ ಒಂದಕ್ಕೊಂದು ಹೋಲುವುದಿಲ್ಲ, ಅದರಿಂದಲೇ ಗದ್ದಲದ ನಡುವೆಯೂ ಕಿವಿಗೆ ಬೇರೆಯಾಗಿ ಬೀಳುತ್ತವೆ. ತರ್ಕಶಾಸ್ತ್ರದ ‘ಸಾರ್ವತ್ರಿಕ’ ಇದಕ್ಕೆ ಸರಿಯಾಗಿ ಕೂರುತ್ತದೆ. ಸಾರ್ವತ್ರಿಕ ಭಾಷೆ.

ಎಸ್ಪೆರಾಂಟೊ ಅದಲ್ಲ. ಅದನ್ನು ಕಟ್ಟಿದ ಜಾಮೆನ್‌ಹೋಫ್ 1887ರಲ್ಲಿ ವಾರ್ಸಾದಲ್ಲಿ ಪುಸ್ತಕ ಹೊರತಂದಾಗ ಭಾಷೆಗೆ ಕೊಟ್ಟ ಹೆಸರು ‘ಲಿಂಗ್ವೊ ಇಂತೆರ್ನಾತ್ಸೀಯ’, ಅಂದರೆ ಅಂತರರಾಷ್ಟ್ರೀಯ ಭಾಷೆ, ಅಷ್ಟೆ. ‘ಎಸ್ಪೆರಾಂಟೊ’ ಎಂಬುದು ಆತ ಇಟ್ಟುಕೊಂಡ ಗುಪ್ತನಾಮ, ‘ಭರವಸೆಯಿಟ್ಟವನು’ ಎಂದರ್ಥ. 1905ರಲ್ಲಿ ಫ್ರಾನ್ಸಿನ ಬುಲೋನ್ ಊರಲ್ಲಿ ಸೇರಿದ ಮೊದಲ ಸಮ್ಮೇಳನ ಇದನ್ನು ಘೋಷಣೆಯಾಗಿಯೇ ಹೊರಡಿಸಿತು: ಯಾವ ಜನರ ಒಳಬದುಕಿನಲ್ಲೂ ಕೈಹಾಕುವುದಿಲ್ಲ, ಇರುವ ಭಾಷೆಗಳನ್ನು ತಳ್ಳಿಹಾಕುವ ಉದ್ದೇಶವಿಲ್ಲ. ಮನೆಭಾಷೆ ಮನೆಯಲ್ಲಿ, ಹೊರಗಿನವರೊಡನೆ ಆಡಲು ಇದು.

ಮಾ.ರಾ. ಅವರೇ, ನಿಮ್ಮ ತಲೆಬರಹದ ತೊಂದರೆಯೂ ಅದೇ. ‘ಒಂದೇ’ ಎಂಬಲ್ಲಿ ಆ ಏಕಾರ ಅವಧಾರಣೆ. ‘ಒಂದು ಭಾಷೆ’ ಎಂದರೆ ಇರುವುದರ ಜೊತೆಗೆ ಇನ್ನೊಂದು. ‘ಒಂದೇ ಭಾಷೆ’ ಎಂದರೆ ಉಳಿದವು ಇಲ್ಲ. ಬುಲೋನ್ ಘೋಷಣೆ ಅಲ್ಲಗಳೆದದ್ದನ್ನೇ ತಲೆಬರಹ ಪ್ರಶ್ನೆಯಾಗಿ ಕೇಳಿದಂತಾಯಿತು.

‘ವಿಶ್ವಭಾಷೆ’ ಬಿಸಾಡಬೇಡಿ. ವೊಲಾಪೂಕ್ ಫಲಕವಿದ್ದರೆ ಅಲ್ಲಿ ಹಾಕಿ. ಅದು ಜರ್ಮನ್ ಪಾದ್ರಿ ಶ್ಲೈಯರ್ 1879–80ರಲ್ಲಿ ಕಟ್ಟಿದ ಭಾಷೆ, ಹೆಸರಿನ ಅರ್ಥವೇ ಲೋಕದ ಮಾತು. ‘ವೊಲ್’ ಲೋಕ, ನಡುವಿನ ‘ಅ’ ಷಷ್ಠಿ, ‘ಪೂಕ್’ ಮಾತು.

ಲ.ವೆಂ.

---

ಸಾರ್ವತ್ರಿಕ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಚುನಾವಣೆ ಮತ್ತು ರಜೆ. ಸಂಸ್ಕೃತದ ಮೂಟೆ ಇಳಿಸಿ. ನಮ್ಮಲ್ಲೇ ಪದವಿದೆ.

ಹಳಗನ್ನಡದ ‘ಪುದು’. ಕೂಡಿದ್ದು, ಪಾಲುಗಾರಿಕೆಯದು ಎಂದರ್ಥ. ‘ಪುದುವಾೞ್’ ಎಂದರೆ ಕೂಡಿ ಬಾಳು. ತಮಿಳಿನ ‘ಪೊದು’ ಇದರ ಒಡಹುಟ್ಟು, ಅಲ್ಲಿ ‘ಪೊದುಮೊೞಿ’ ಎಂದರೆ ಎಲ್ಲರಿಗೂ ಸೇರಿದ ನುಡಿ ಎಂದು ಯಾರಿಗಾದರೂ ತಿಳಿಯುತ್ತದೆ. ಪಕಾರ ಹಕಾರವಾದರೆ ‘ಹುದು’. ಹುದುನುಡಿ! ನಾಲ್ಕೇ ಅಕ್ಷರ, ಒತ್ತಿಲ್ಲ, ಮಹಾಪ್ರಾಣವಿಲ್ಲ. ಮೂರಡಿ ಫಲಕದಲ್ಲಿ ಎಷ್ಟು ದೊಡ್ಡದಾಗಿ ಬೇಕಾದರೂ ಬರೆಯಬಹುದು. ಜಾಮೆನ್‌ಹೋಫ್ ಕಟ್ಟಿದ್ದು ‘ಕಟ್ಟಿದ ಹುದುನುಡಿ’, ಬಂದರಿನದು ‘ಬೆಳೆದ ಹುದುನುಡಿ’. ಮುಗಿಯಿತು.

ಚೆ.ನಾ.

---

ಮುಗಿಯಲಿಲ್ಲ. ‘ಹುದು’ ಇವತ್ತು ಯಾರ ಬಾಯಲ್ಲಿದೆ? ಓದುವ ಮಗು ‘ಹುದುಗು’ ಎಂದುಕೊಂಡು ಬಚ್ಚಿಟ್ಟ ನುಡಿ ಎಂದು ತಿಳಿದೀತು. ನಾಳೆ ಹನ್ನೊಂದಕ್ಕೆ ಫಲಕ ಹೋಗಬೇಕಾದವರಿಗೆ ನಿಘಂಟಿನಲ್ಲಿ ಮಲಗಿರುವ ಪದವನ್ನು ಎಬ್ಬಿಸಿ ಕೊಡುವುದು ಉಪಕಾರವಲ್ಲ.

‘ಕಟ್ಟುನುಡಿ’ಯೂ ಬೇಡ. ಕಟ್ಟುಕಥೆಯ ಕಟ್ಟು ಅದು, ಸುಳ್ಳು ಎಂಬ ಅರ್ಥ ಹತ್ತಿಕೊಳ್ಳುತ್ತದೆ. ‘ಕೃತಕ ಭಾಷೆ’ಗೆ ಕೃತಕ ನಗುವಿನ ವಾಸನೆ. ‘ಕಟ್ಟಿದ ಭಾಷೆ’ ಆಗಬಹುದು.

ಗು.ಭ.

---

‘ಲಿಂಗ್ವಾ ಫ್ರಾಂಕಾ’ವನ್ನು ಅನುವಾದಿಸಲೇಬೇಡಿ. ಹಾಗೇ ತೆಗೆದುಕೊಳ್ಳಿ. ಅದು ಜಾತಿವಾಚಕವಾಗುವ ಮೊದಲು ಅಂಕಿತನಾಮ: ಮೆಡಿಟರೇನಿಯನ್ ಬಂದರುಗಳಲ್ಲಿ, ಅಲ್ಜಿಯರ್ಸ್, ಟ್ಯೂನಿಸ್ ಕಡೆ, ಹಡಗಿನವರೂ ವರ್ತಕರೂ ಸೆರೆಯಾಳುಗಳೂ ಆಡುತ್ತಿದ್ದ ಬೆರಕೆ ಮಾತಿನ ಹೆಸರು. ಇಟಾಲಿಯನ್, ಸ್ಪ್ಯಾನಿಷ್ ಪದಗಳು ಹೆಚ್ಚು, ಅರಬ್ಬಿ, ತುರ್ಕಿ ಅಲ್ಲಲ್ಲಿ. ಕ್ರಿಯಾಪದಕ್ಕೆ ಪುರುಷ-ವಚನದ ಪ್ರತ್ಯಯವೇ ಇಲ್ಲ; ನಾನು ಹೋಗು, ನೀನು ಹೋಗು, ಅವನು ಹೋಗು ಎಂಬಂತೆ.

‘ಫ್ರಾಂಕಾ’ ನಮಗೆ ಹೊಸದೂ ಅಲ್ಲ. ಅರಬ್ಬರು ಯುರೋಪಿನವರನ್ನೆಲ್ಲ ಫ್ರಾಂಕರು ಎಂದರು, ಪಾರಸಿಯಲ್ಲಿ ಅದು ‘ಫರಂಗಿ’, ಕನ್ನಡದಲ್ಲಿ ‘ಪರಂಗಿ’. ಪರಂಗಿ ಹಣ್ಣಿನ ಪರಂಗಿಯೇ ಇದು. ಯುದ್ಧದ ಫಿರಂಗಿಯೂ ಇದೇ. ಅನುವಾದ ಬೇಕೇಬೇಕು ಎನ್ನುವವರು ‘ಪರಂಗಿ ಮಾತು’ ಎನ್ನಲಿ. ವ್ಯುತ್ಪತ್ತಿಯಿಂದ ಅದಕ್ಕಿಂತ ನಿಖರವಾದ ಪದ ಸಿಗಲಾರದು.

ಎರವಲಿಗೆ ಹೆದರುವವರು ಎಸ್ಪೆರಾಂಟೊದ 16 ನಿಯಮಗಳಲ್ಲಿ 15ನೆಯದನ್ನು ನೋಡಬೇಕು: ಹೆಚ್ಚಿನ ಭಾಷೆಗಳು ಒಂದೇ ಮೂಲದಿಂದ ತೆಗೆದುಕೊಂಡ ಪದವನ್ನು ಬದಲಿಸದೆ, ಕಾಗುಣಿತ ಮಾತ್ರ ಹೊಂದಿಸಿಕೊಂಡು ಬಳಸಿ.

ರಾ.ಶೇ.

---

> 15ನೆಯದನ್ನು ನೋಡಬೇಕು

ಅರ್ಧ ನೋಡಿದ್ದೀರಿ. ಅದೇ ನಿಯಮದ ಮುಂದಿನ ಮಾತು: ಒಂದು ಮೂಲದಿಂದ ಹಲವು ಪದ ಬಂದಿದ್ದರೆ ಮೂಲಪದ ಒಂದನ್ನು ಮಾತ್ರ ತೆಗೆದುಕೊಂಡು, ಉಳಿದವನ್ನು ಎಸ್ಪೆರಾಂಟೊದ ಪ್ರತ್ಯಯಗಳಿಂದಲೇ ಕಟ್ಟಿಕೊಳ್ಳುವುದು ಮೇಲು. ಅವರಲ್ಲೂ ಈ ಜಗಳ ತೀರಿಲ್ಲ. ಆಸ್ಪತ್ರೆಗೆ ‘ಮಲ್‌ಸಾನುಲೇಯೊ’ ಎಂಬ ಪದವಿದೆ. ‘ಮಲ್’ ವಿರುದ್ಧಾರ್ಥ, ‘ಸಾನ್’ ಆರೋಗ್ಯ, ‘ಉಲ್’ ವ್ಯಕ್ತಿ, ‘ಏಯ್’ ಸ್ಥಳ, ‘ಒ’ ನಾಮಪದದ ಗುರುತು. ಐದು ತುಂಡು ಗೊತ್ತಿದ್ದವನಿಗೆ ನಿಘಂಟು ಬೇಡ. ಇನ್ನೊಂದು ಗುಂಪು ‘ಹೊಸ್ಪಿತಾಲೊ’ ಸಾಕು ಎನ್ನುತ್ತದೆ. ನಾವು ‘ಆಸ್ಪತ್ರೆ’ ಎಂದು ತಂದು ಒಗ್ಗಿಸಿಕೊಂಡು ಕೂತಿದ್ದೇವೆ, ಅದು ಹೊರಗಿನದು ಎಂದು ಯಾರೂ ಹೇಳರು.

ಇನ್ನೊಂದು, ಫಲಕಕ್ಕೂ ಉಪಯೋಗವಾದೀತು. ‘ಹುಂದೋಯ್ನ್’ ಎಂದರೆ ನಾಯಿಗಳನ್ನು. ‘ಹುಂದೊ’ ನಾಯಿ, ‘ಯ್’ ಬಹುವಚನ, ‘ನ್’ ದ್ವಿತೀಯೆ. ನಾಯಿ-ಗಳ-ಅನ್ನು. ತುಂಡುಗಳ ಸಾಲು ನಮ್ಮದರಂತೆಯೇ ಇದೆ. ಇದನ್ನು ಬಿಡಿಸಿ ಬರೆದರೆ ಕನ್ನಡದ ಮಗುವಿಗೆ ಒಂದೇ ನೋಟದಲ್ಲಿ ಹಿಡಿಯುತ್ತದೆ. ಕಷ್ಟವಾಗುವುದು ಬೇರೆ ಕಡೆ. ಬೇರುಗಳು ಬಹುಪಾಲು ಲ್ಯಾಟಿನ್, ಫ್ರೆಂಚ್, ಜರ್ಮನ್ ಕಡೆಯವು. ಪದದ ಮೊದಲಿಗೇ ‘ಸ್ತ್ಸಿ’ಯಂಥ ಒತ್ತುಗಳು. ಎಲ್ಲರಿಗೂ ಸಮದೂರದ ಭಾಷೆ ಎಂಬ ಮಾತು ಯುರೋಪಿನ ಒಳಗಡೆಗೆ ಹೊಂದುತ್ತದೆ, ಚೀನೀ ಅಥವಾ ಕನ್ನಡದವನಿಗೆ ಆ ದೂರ ಹೆಚ್ಚು. ಫಲಕ ಇದನ್ನು ಮುಚ್ಚಿಡಬಾರದು.

‘ಟ’ ಬೇಡ, ‘ಎಸ್ಪೆರಾಂತೊ’ ಎಂದು ಬರೆಯಿರಿ. ಆ ಭಾಷೆಯ ತಕಾರ ದಂತ್ಯ. ‘ಟೊ’ ಇಂಗ್ಲಿಷಿನ ಕಿವಿಯಿಂದ ಬಂದದ್ದು. ಉಚ್ಚರಿಸುವಾಗ ಒತ್ತಿ ಹೇಳುವುದು ಕೊನೆಯಿಂದ ಎರಡನೆಯ ಸ್ವರವನ್ನು, ಹಾಗಾಗಿ ‘ರಾಂ’ ದೀರ್ಘ ಸರಿ.

ಲ.ವೆಂ.

---

‘ಪರಂಗಿ ಮಾತು’ ಎಂದು ಬರೆದರೆ ನೂರಕ್ಕೆ ನೂರು ಜನ ಇಂಗ್ಲಿಷ್ ಎಂದೇ ಓದುತ್ತಾರೆ. ವ್ಯುತ್ಪತ್ತಿ ಸರಿ, ಪದ ತಪ್ಪು. ‘ಸಂಪರ್ಕ ಭಾಷೆ’ ಎನ್ನಿ, ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ.

ಗು.ಭ.

---

ಸಂಪರ್ಕ ಭಾಷೆಯೇ? ಆ ಪದ ನಮ್ಮಲ್ಲಿ ಯಾತಕ್ಕೆ ಬಳಕೆಗೆ ಬಂತು ಎಂದು ನೆನಪಿರಲಿ. 1963ರ ಆಡಳಿತ ಭಾಷಾ ಕಾಯ್ದೆ, 1967ರ ತಿದ್ದುಪಡಿ, ಆ ಇಡೀ ವಾಗ್ವಾದದಲ್ಲಿ ‘ಸಂಪರ್ಕ ಭಾಷೆ’ ಎಂದರೆ ಹಿಂದಿ ಎಂದೇ ಓದಿಕೊಳ್ಳಬೇಕಿತ್ತು. ಬಂದರಿನಲ್ಲಿ ತಾನಾಗಿ ಬೆಳೆದ ಮಾತಿಗೆ ಸರ್ಕಾರ ಮೇಲಿಂದ ಇಳಿಸುವ ಭಾಷೆಯ ಹೆಸರು ಯಾಕೆ? ಹಿಂದಿ ಪದಸಂಪತ್ತಿಗೆ ಮುಖ್ಯವಾಗಿ ಸಂಸ್ಕೃತದಿಂದ ತೆಗೆದುಕೊಳ್ಳಬೇಕೆಂದು ಸಂವಿಧಾನದ 351ನೇ ವಿಧಿ ಹೇಳುತ್ತದೆ. ಕನ್ನಡಕ್ಕೆ ಹಾಗೆಂದು ಯಾವ ವಿಧಿಯೂ ಹೇಳಿಲ್ಲ. ಆದರೂ ಸಾರ್ವತ್ರಿಕ, ಸಂಪರ್ಕ, ಸಹಾಯಕ ಎಂದು ನಾವಾಗಿಯೇ ಸಾಲುಗಟ್ಟಿಸುತ್ತೇವೆ. ಆಂಡಯ್ಯ 13ನೇ ಶತಮಾನದಲ್ಲೇ ಇಡೀ ಕಾವ್ಯವನ್ನು ಸಂಸ್ಕೃತವಿಲ್ಲದೆ ಬರೆದು ತೋರಿಸಿದ.

ಚೆ.ನಾ.

---

ಆಂಡಯ್ಯ ಬಿಟ್ಟದ್ದು ತತ್ಸಮ. ತದ್ಭವ ಬಿಡಲಿಲ್ಲ. ಎರಡಕ್ಕೂ ವ್ಯತ್ಯಾಸವಿದೆ.

ಗು.ಭ.

---

ಆಂಡಯ್ಯನನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ, ಮಾ.ರಾ. ಅವರಿಗೆ ರಾತ್ರಿಯೊಂದೇ ಉಳಿದಿದೆ. ಸಂಪರ್ಕ ಭಾಷೆಯ ಬಗ್ಗೆ ಚೆ.ನಾ. ಹೇಳಿದ್ದು ಸರಿ, ಆ ಫಲಕದಲ್ಲಿ ‘ವ್ಯವಹಾರ ಭಾಷೆ’ ಹಾಕಿ. ಕೊಡು-ಕೊಳ್ಳುವಾಗ ಹುಟ್ಟಿದ್ದು ಎಂಬುದೂ ತಿಳಿಯುತ್ತದೆ. ‘ಆಕ್ಸಿಲಿಯರಿ’ಗೆ ‘ಸಹಾಯಕ’ ಎಂದರೆ ಸಹಾಯಕ ಆಯುಕ್ತರ ಹಾಗೆ ಕೆಳಗಿನ ಹುದ್ದೆ ಎನಿಸುತ್ತದೆ, ‘ನೆರವಿನ ಭಾಷೆ’ ಎನ್ನಿ. ಷಷ್ಠಿ ಹಾಕಿದ ಮೇಲೆ ಸಮಾಸವೇ ಇಲ್ಲ, ಅರಿಸಮಾಸದ ದೂರೂ ಬರದು.

ಒಂದು ಫಲಕದಲ್ಲಿ ಜಾಗವಿದ್ದರೆ ಭಾಷೆಗಳು ಮುರಿದದ್ದು ಹೇಗೆಂದು ಎರಡು ಸಾಲು ಸೇರಿಸಿ. ಶ್ಲೈಯರ್ ವೊಲಾಪೂಕ್ ತಿದ್ದುವ ಕೊನೆಯ ಹಕ್ಕು ತನ್ನದೇ ಎಂದು ಹಟ ಹಿಡಿದ. 1889ರ ಪ್ಯಾರಿಸ್ ಸಮ್ಮೇಳನದ ಹೊತ್ತಿಗೆ ಅನುಯಾಯಿಗಳೇ ಎದುರು ನಿಂತಿದ್ದರು, ಆಮೇಲೆ ಚಳವಳಿ ಚೂರಾಯಿತು. ಜಾಮೆನ್‌ಹೋಫ್ ಮೊದಲ ಪುಸ್ತಕದಲ್ಲೇ ಭಾಷೆಯ ಮೇಲಿನ ಒಡೆತನ ಬಿಟ್ಟುಕೊಟ್ಟ. 1905ರಲ್ಲಿ ಮೂಲ ವ್ಯಾಕರಣವನ್ನು ಯಾರೂ ಮುಟ್ಟುವಂತಿಲ್ಲ ಎಂದು ಕಟ್ಟುಮಾಡಿಯೂ 1907ರ ಹೊತ್ತಿಗೆ ‘ಇದೊ’ ಎಂಬ ತಿದ್ದಿದ ಕವಲು ಒಡೆಯಿತು. ಬಳಸುವವರ ಕೈಗೆ ಹೋದ ಭಾಷೆ ಕವಲೊಡೆಯುತ್ತದೆ. ‘ಒಂದೇ ಭಾಷೆ’ ನಿಲ್ಲದಿರುವುದಕ್ಕೆ ಈ ಕಾರಣ ದೊಡ್ಡದು. ಪದಗಳ ಕೊರತೆಯಿಂದ ಯಾವುದೂ ಬಿದ್ದಿಲ್ಲ.

ಲ.ವೆಂ.

---

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ:

ತಲೆಬರಹ: ಎಲ್ಲರಿಗೂ ತಿಳಿಯುವ ಒಂದು ಭಾಷೆ ಸಾಧ್ಯವೇ? (15 ಅಕ್ಷರ)
ವಿಲ್ಕಿನ್ಸ್: ಸಾರ್ವತ್ರಿಕ ಭಾಷೆ
ವೊಲಾಪೂಕ್: ವಿಶ್ವಭಾಷೆ
ಎಸ್ಪೆರಾಂತೊ: ಅಂತರರಾಷ್ಟ್ರೀಯ ನೆರವಿನ ಭಾಷೆ
ಬಂದರಿನ ಮಾತು: ಮೊದಲ ಸಲ ‘ಲಿಂಗ್ವಾ ಫ್ರಾಂಕಾ’, ಆಮೇಲೆ ‘ವ್ಯವಹಾರ ಭಾಷೆ’. ಪರಂಗಿ ಹಣ್ಣಿನ ನಂಟನ್ನು ಅಡಿಬರಹವಾಗಿ ಹಾಕಿದೆ.

ಚೆ.ನಾ. ಅವರೇ, ಹುದುನುಡಿ ಈ ಸಲ ಆಗಲಿಲ್ಲ. ಕ್ಷಮೆ ಇರಲಿ.

ಮಾ.ರಾ.

---

‘ಅಂತಾರಾಷ್ಟ್ರೀಯ’ ಎಂದು ತಿದ್ದಲು ಬರುವವರಿಗೆ ಮೊದಲೇ ಹೇಳುತ್ತೇನೆ: ಅಂತರ್ ಎಂದರೆ ಒಳಗೆ. ಇಲ್ಲಿ ಬೇಕಾದದ್ದು ‘ಅಂತರ’. ಮುಟ್ಟಬೇಡಿ.

ಮಾ.ರಾ. ಅವರೇ, ಅಂಗಡಿಗೆ ಯೂನಿಕೋಡ್ ಪಠ್ಯ ಕೊಡಬೇಡಿ. ಅವರು ಅದನ್ನು ನುಡಿ ಫಾಂಟಿಗೆ ಪರಿವರ್ತಿಸುವಾಗ ‘ಸಾರ್ವತ್ರಿಕ’ದ ಅರ್ಕಾವತ್ತು ಜಾಗ ಬದಲಿಸುತ್ತದೆ, ‘ಜಾಮೆನ್‌ಹೋಫ್’ನ ನಡುವೆ ಕಾಣದಂತೆ ಇರುವ ಬಿಡಿಸುವ ಗುರುತು ಉದುರಿ ‘ಜಾಮೆನ್ಹೋಫ್’ ಆಗುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ರೇಖಾಕೃತಿಯಾಗಿಸಿದ, ಪಿಡಿಎಫ್ ಕೊಡಿ. ಮುದ್ರಿಸುವ ಮೊದಲು ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ‘ರಾಷ್ಟ್ರೀಯ’ದ ಒತ್ತುಗಳ ಕೆಳತುದಿ ಕತ್ತರಿಸಿಹೋಗಿಲ್ಲವೇ ಎಂದು ನೋಡಿ. ಸಾಲುಗಳ ಅಂತರ ಕಡಿಮೆಯಾದರೆ ಮೊದಲು ಹೋಗುವುದು ಅದೇ.

ಗು.ಭ.