ವೈರಸ್ ಪದದ ಬಹುವಚನ ‘ವೈರೈ’ ಆಗುತ್ತದೆಯೇ?

ಪ್ರಶ್ನೆ: ಇಂಗ್ಲಿಷಿನಲ್ಲಿ ಫಂಗಸ್‌ಗೆ ಫಂಗೈ, ಕ್ಯಾಕ್ಟಸ್‌ಗೆ ಕ್ಯಾಕ್ಟೈ ಇರುವಾಗ ವೈರಸ್‌ಗೆ ವೈರೈ ಯಾಕಾಗಬಾರದು? ಲ್ಯಾಟಿನ್‌ನಲ್ಲಿ ಈ ಪದದ ಮೂಲ ಅರ್ಥವೇನು?

ಉತ್ತರ 1: ಆಗುವುದಿಲ್ಲ. ಫಂಗಸ್ ಲ್ಯಾಟಿನ್‌ನಲ್ಲಿ ಪುಲ್ಲಿಂಗ. ಬಹುವಚನದಲ್ಲಿ ಕೊನೆಯ ‘ಉಸ್’ ಹೋಗಿ ‘ಈ’ ಬರುತ್ತದೆ. ವೈರಸ್, ಅಂದರೆ ಅಲ್ಲಿನ ‘ವೀರುಸ್’, ನಪುಂಸಕಲಿಂಗ. ಫಂಗಸ್ ಸೇರಿದ ಪದವರ್ಗದಲ್ಲಿ ‘ಉಸ್’ ಅಂತ್ಯದ ನಪುಂಸಕ ಪದಗಳೇ ಬೆರಳೆಣಿಕೆಯಷ್ಟು: ಸಮುದ್ರ ಎಂಬರ್ಥದ ಪೆಲಗುಸ್, ಜನಸಾಮಾನ್ಯರು ಎಂಬರ್ಥದ ವುಲ್ಗುಸ್. ಮೇಲಾಗಿ ಇದು ಹಾಲು, ನೀರಿನಂತೆ ಎಣಿಸಲಾಗದ ವಸ್ತುವಿನ ಹೆಸರು. ಹಾಗಾಗಿ ಪ್ರಾಚೀನ ಬರಹಗಳಲ್ಲಿ ಬಹುವಚನವೇ ಸಿಗುವುದಿಲ್ಲ. ‘ವಿರೀ’ ಎಂದರೆ ಅಲ್ಲಿ ಗಂಡಸರು! ವೈರಸಸ್ ಎಂದೇ ಬರೆಯಿರಿ, ಕನ್ನಡದಲ್ಲಿ ವೈರಸ್‌ಗಳು.

ಉತ್ತರ 2: ಅರ್ಥದ ಬಗ್ಗೆ: ಲೋಳೆ ದ್ರವ, ಹಾವಿನ ನಂಜು, ಕೆಟ್ಟ ವಾಸನೆ. ಸಂಸ್ಕೃತದ ‘ವಿಷ’ ಇದರ ದಾಯಾದಿ. ಈ ಭಾಷೆಗಳ ಸಮಾನ ಮೂಲದಲ್ಲಿದ್ದ ‘ಸ’ಕಾರ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿ ‘ರ’ ಆಯಿತು, ಸಂಸ್ಕೃತದಲ್ಲಿ ಇಕಾರದ ನಂತರ ‘ಷ’ ಆಯಿತು, ಗ್ರೀಕಿನಲ್ಲಿ ಬಿದ್ದೇಹೋಗಿ ‘ಈಯೊಸ್’ ಉಳಿಯಿತು. ಇಷ್ಟು ಸೊಗಸಾದ ಉದಾಹರಣೆ ಅಪರೂಪ. ಉಚ್ಚಾರ ನೋಡಿ ಇದನ್ನು ‘ವೀರ’ಕ್ಕೆ ಜೋಡಿಸಬೇಡಿ, ವೀರದ ನೆಂಟ ಗಂಡಸು ಎಂಬರ್ಥದ ‘ವಿರ್’.

ಉತ್ತರ 3: ಇಂಗ್ಲಿಷಿಗೆ ಬಂದಾಗಲೂ ಅರ್ಥ ನಂಜೇ. 1798ರಲ್ಲಿ ಎಡ್ವರ್ಡ್ ಜೆನ್ನರ್ ದನಗಳ ಸಿಡುಬಿನ ಬಗ್ಗೆ ಬರೆಯುತ್ತಾ ವೈರಸ್ ಎಂದದ್ದು ಸೋಂಕು ತರುವ ದ್ರವ್ಯಕ್ಕೆ, ಸೂಕ್ಷ್ಮಜೀವಿಗಲ್ಲ. ಹಳೆಯ ವೈದ್ಯಗ್ರಂಥ ಓದುವವರು ಎಡವುವುದು ಇಲ್ಲೇ. 1898ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್, ರೋಗ ತಗುಲಿದ ತಂಬಾಕು ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಲ್ಲಿ ಸೋಸಿದರೂ ಸೋಂಕು ಉಳಿದದ್ದನ್ನು ತೋರಿಸಿದ ಮೇಲೆ ಈಗಿನ ಅರ್ಥ ಗಟ್ಟಿಯಾಗತೊಡಗಿತು. ಕಂಪ್ಯೂಟರ್ ವೈರಸ್ ಎಂಬ ಬಳಕೆ ಹಬ್ಬಿದ್ದು 1980ರ ದಶಕದಲ್ಲಿ.