ವಾರದ ಸುದ್ದಿ, ಆಟ, ಟ್ರೋಲ್‌ಗಳ ನಡುವೆ ನಗುವ ಜಾಗ ಎಲ್ಲಿದೆ?

ಪ್ರಶ್ನೆ: ವಾಚನಾಲಯದ ಮಾಸ್ತರ್, ಬದಿಯಡ್ಕ

ನಮ್ಮೂರಿನ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಇಪ್ಪತ್ತು, ಇಪ್ಪತ್ತೈದು ಮಂದಿ ಸೇರುವ ರೂಢಿ ಹಲವು ವರ್ಷಗಳಿಂದ ಇದೆ. ಅಡಿಕೆ ಧಾರಣೆಯಿಂದ ಆರಂಭವಾಗಿ ಅಡಿಕೆ ಧಾರಣೆಯಲ್ಲೇ ಮುಗಿಯುವ ಆ ಮಾತುಕತೆಯ ನಡುವೆ, ಕಾಲು ಗಂಟೆಯ ಮಟ್ಟಿಗೆ ವಾರದ ಹಗುರ ಸುದ್ದಿಗಳನ್ನು ಹೇಳುವ ಕೆಲಸವನ್ನು, ನಿವೃತ್ತ ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ, ನನಗೆ ಒಪ್ಪಿಸಿದ್ದಾರೆ. ಕೇಳುವವರಲ್ಲಿ ಎಂಬತ್ತು ದಾಟಿದ ಹಿರಿಯರಿದ್ದಾರೆ; ಹೈಸ್ಕೂಲಿನ ಮಕ್ಕಳೂ ಇದ್ದಾರೆ.

ಮೊದಮೊದಲು ಕೆಲಸ ಸುಲಭವೆನಿಸಿತ್ತು. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಗಳಿವೆ, ಮಲಯಾಳ ಪತ್ರಿಕೆಗಳಿವೆ, ಕಾಸರಗೋಡಿನವೇ ಆದ ಸಂಜೆ ಪತ್ರಿಕೆಗಳಿವೆ, ಇವೆಲ್ಲಕ್ಕಿಂತ ಮೊದಲೇ ಮೊಬೈಲ್ ಇದೆ. ಆದರೆ ಪತ್ರಿಕೆಯ ಮೊದಲ ಮೂರು ಪುಟಗಳಲ್ಲಿ ಅಪಘಾತ, ನ್ಯಾಯಾಲಯ, ಯುದ್ಧಗಳ ಹೊರತು ಬೇರೇನೂ ಸಿಗುವುದಿಲ್ಲ. ಮೊಬೈಲಿಗೆ ಬರುವ ಜೋಕು, ನಾನು ಹೇಳುವ ಹೊತ್ತಿಗೆ ಎಲ್ಲರಿಗೂ ಒಮ್ಮೆ ಬಂದು, ಅಳಿಸಿ ಹೋಗಿ, ಎರಡನೆಯ ಸಲ ಭಾವನ ಕಡೆಯಿಂದ ಬಂದಿರುತ್ತದೆ. ಮಲಯಾಳದ ಟ್ರೋಲ್‌ಗಳು ಚುರುಕಾಗಿವೆ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಯಾವುದೋ ಸಿನಿಮಾದ ದೃಶ್ಯಕ್ಕೆ ಅಂಟಿಕೊಂಡಿರುತ್ತವೆ. ಕಳೆದ ವಾರ ಅಂಥ ಒಂದನ್ನು ಕನ್ನಡದಲ್ಲಿ ವಿವರಿಸಲು ನನಗೆ ಆರು ನಿಮಿಷ ಬೇಕಾಯಿತು, ಮತ್ತು ಕೊನೆಗೆ ನಕ್ಕವನು ನಾನೊಬ್ಬನೇ, ಅದೂ ಸಂಕೋಚದಿಂದ.

ನನ್ನ ಪ್ರಶ್ನೆ ಇಷ್ಟೇ. ವಾರದ ಆಟ, ಸುದ್ದಿ, ಆನ್‌ಲೈನ್ ಹಾಸ್ಯಗಳಲ್ಲಿ ನಿಜವಾಗಿ ನಗು ತರಿಸುವ ಸಂಗತಿಗಳನ್ನು ನೀವು ಹೇಗೆ ಗುರುತಿಸುತ್ತೀರಿ? ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು?

ಉತ್ತರ 1: ಶಾರ್ಟ್ ಲೆಗ್, ಕಾಸರಗೋಡು

ಮಾಸ್ತರರಿಗೆ ನಮಸ್ಕಾರ. ನೀವು ಜೋಕನ್ನು ಹುಡುಕುತ್ತಿದ್ದೀರಿ. ಅದೇ ತೊಡಕು ಎಂದು ನನಗೆ ತೋರುತ್ತದೆ. ಜೋಕು ಯಾರೋ ಮೊದಲೇ ನಗಿಸಿ ಮುಗಿಸಿದ ಪದಾರ್ಥ. ಸುದ್ದಿಯ ಒಳಗೇ ಹುಡುಕಿದರೆ ನಗು ತಾಜಾ ಸಿಗುತ್ತದೆ, ಮತ್ತು ಅದಕ್ಕೆ ಆಟದ ಪುಟದಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ.

ನಮ್ಮದೇ ಜಿಲ್ಲೆಗೆ ಸಂಬಂಧಿಸಿದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಕೇರಳ ಮತ್ತು ಗುಜರಾತ್ ತಂಡಗಳ ನಡುವೆ ರಣಜಿ ಸೆಮಿಫೈನಲ್ ನಡೆಯಿತು. ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಅಜೇಯ 177 ರನ್ ಗಳಿಸಿ ಕೇರಳದ ಮೊತ್ತವನ್ನು 457ಕ್ಕೆ ತಲುಪಿಸಿದ್ದರು. (ಹಳೆಯ ಕ್ರಿಕೆಟ್ ನಾಯಕನ ಮೇಲಿನ ಅಭಿಮಾನದಿಂದ ಅಣ್ಣ ಇಟ್ಟ ಹೆಸರಂತೆ ಅದು. ಹೆಸರಿಟ್ಟಾಗ ಜವಾಬ್ದಾರಿಯನ್ನೂ ಜತೆಗೆ ಹೊರಿಸಿದ್ದೇನೆಂದು ಆ ಅಣ್ಣನಿಗೆ ಹೊಳೆದಿತ್ತೋ ಇಲ್ಲವೋ.) ಕೊನೆಯ ದಿನ ಗುಜರಾತಿನ ಕೊನೆಯ ಜೋಡಿ ಒಂದೊಂದೇ ರನ್ ಕೂಡಿಸುತ್ತ 455ಕ್ಕೆ ಬಂದು ನಿಂತಿತ್ತು. ಮುನ್ನಡೆಗೆ ಬೇಕಾದದ್ದು ಇನ್ನು ಮೂರೇ ರನ್. ಆಗ ಅರ್ಜಾನ್ ನಾಗವಾಸ್ವಾಲಾ ಬಲವಾಗಿ ಬೀಸಿದ ಚೆಂಡು, ಬ್ಯಾಟುಗಾರನ ತೀರಾ ಹತ್ತಿರದ ಜಾಗವಾದ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್ಟಿಗೆ ಬಡಿದು, ಅಲ್ಲಿಂದ ಮೇಲೆದ್ದು, ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿಯವರ ಕೈಗೆ ಬಂದು ಕುಳಿತಿತು. ಪಂದ್ಯ ಡ್ರಾ ಆದರೂ, ಮೊದಲ ಇನಿಂಗ್ಸಿನ ಎರಡು ರನ್‌ಗಳ ಮುನ್ನಡೆಯ ಬಲದಲ್ಲಿ ಕೇರಳ ಮೊದಲ ಸಲ ರಣಜಿ ಫೈನಲ್ ತಲುಪಿತು.

ಇಷ್ಟನ್ನು ಹೇಳಿದರೆ ಅದು ಬೆರಗಿನ ಸುದ್ದಿ ಮಾತ್ರ. ನಗು ಬರುವುದು ಅದರ ಪಕ್ಕದ ವಿವರಗಳಿಂದ. ಮೊದಲನೆಯದು, ಕ್ಷೇತ್ರರಕ್ಷಕನ ಹೆಲ್ಮೆಟ್ಟಿಗೆ ತಾಗಿದ ಚೆಂಡನ್ನು ಹಿಡಿದರೆ ಔಟ್ ಎನ್ನುವ ನಿಯಮ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನ ಆಟವಾಗಿದ್ದರೆ ನಾಗವಾಸ್ವಾಲಾ ಇನ್ನೊಂದು ಚೆಂಡು ಆಡುತ್ತಿದ್ದರು. ಎರಡನೆಯದು, ಅದಕ್ಕೂ ಹಿಂದಿನ ಕ್ವಾರ್ಟರ್ ಫೈನಲಿನಲ್ಲಿ ಕೇರಳ ಜಮ್ಮು ಕಾಶ್ಮೀರದ ವಿರುದ್ಧ ಪಾರಾದದ್ದು ಒಂದು ರನ್ನಿನ ಮುನ್ನಡೆಯಿಂದ. ಮೊದಲು ಒಂದು, ಆಮೇಲೆ ಎರಡು. ಈ ಲೆಕ್ಕದಲ್ಲಿ ಫೈನಲಿಗೆ ಮೂರು ರನ್ ಸಾಕೆಂದು ನಮ್ಮ ಅಂಗಡಿ ಬಾಗಿಲಿನ ಪಂಡಿತರು ತೀರ್ಮಾನಿಸಿದ್ದರು. ವಿದರ್ಭದವರಿಗೆ ಈ ಲೆಕ್ಕವನ್ನು ಯಾರೂ ತಿಳಿಸಿರಲಿಲ್ಲವಾದ್ದರಿಂದ ಅವರು 37 ರನ್‌ಗಳ ಮುನ್ನಡೆ ಪಡೆದು ಟ್ರೋಫಿ ಒಯ್ದರು. ಮೂರನೆಯದನ್ನು ನೀವೇ ಸೇರಿಸಬಹುದು: ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬೈಕ್ ಓಡಿಸುವ ನಮ್ಮ ಪೇಟೆಯ ಹುಡುಗರಿಗೆ, ಸಲ್ಮಾನ್ ನಿಜಾರ್ ಕೂಡ ಹಾಗೆಯೇ ನಿಂತಿದ್ದರೆ ಕೇರಳದ ಗತಿ ಏನಾಗುತ್ತಿತ್ತೆಂದು ಕೇಳಿ ನೋಡಿ.

ಯಾವುದನ್ನು ಬಿಡಬೇಕೆಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಸಲ್ಮಾನ್ ಅವರಿಗೆ ಗಂಭೀರವಾದದ್ದೇನೂ ಆಗಿಲ್ಲವೆಂದು ತಿಳಿದ ಮೇಲೆಯೇ ಈ ಪ್ರಸಂಗ ತಮಾಷೆಯಾಯಿತು. ಅದಕ್ಕೆ ಮುಂಚೆ ನಕ್ಕವರದು ಅವಸರ.

ಅದೇ ತಿಂಗಳು ಕಾಸರಗೋಡಿನಲ್ಲಿ ನಗರಸಭಾ ಸ್ಟೇಡಿಯಂ ರಸ್ತೆಗೆ ಸುನಿಲ್ ಗಾವಸ್ಕರ್ ಅವರ ಹೆಸರನ್ನಿಟ್ಟು, ಅವರನ್ನೇ ಕರೆಸಿ ಉದ್ಘಾಟಿಸಿದ್ದು ನಿಮಗೆ ನೆನಪಿರಬಹುದು. 1975ರ ಮೊದಲ ವಿಶ್ವಕಪ್‌ನ ಮೊದಲ ದಿನ ಇಂಗ್ಲೆಂಡಿನ 334 ರನ್‌ಗಳನ್ನು ಬೆನ್ನಟ್ಟಬೇಕಾಗಿದ್ದಾಗ, ಅರವತ್ತು ಓವರುಗಳ ಉದ್ದಕ್ಕೂ ನಿಂತು 174 ಚೆಂಡುಗಳಲ್ಲಿ ಅಜೇಯ 36 ರನ್ ಗಳಿಸಿದವರು ಅವರು. ಆ ರಸ್ತೆಯಲ್ಲಿ ನಿಧಾನವಾಗಿ ಚಲಿಸಿ ಎಂಬ ಫಲಕದ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆಯವರ ಕಥೆ ಇನ್ನೂ ಸೊಗಸು: ಚೆಂಡನ್ನು ಹೆಚ್ಚು ತಿರುಗಿಸುವುದಿಲ್ಲವೆಂದು ಜೀವನವಿಡೀ ಆಕ್ಷೇಪ ಕೇಳಿದವರ ಹೆಸರನ್ನು ಬೆಂಗಳೂರಿನಲ್ಲಿ ಇಟ್ಟದ್ದು, ಬಂದವರೆಲ್ಲರೂ ತಿರುಗುವ ಒಂದು ವೃತ್ತಕ್ಕೆ.

ಉತ್ತರ 2: ಮಂಜೇಶ್ವರದ ಓದುಗಿ

ಶಾರ್ಟ್ ಲೆಗ್ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಮಾಸ್ತರರ ಎದುರು ಕುಳಿತವರೆಲ್ಲರೂ ಕ್ರಿಕೆಟ್ ಬಲ್ಲವರಲ್ಲ. ಎಂಬತ್ತು ದಾಟಿದ ಅಜ್ಜಿಗೆ ಶಾರ್ಟ್ ಲೆಗ್ ಎಂದರೆ ಕುಂಟುವ ಕಾಲು ಎಂದೇ ಅರ್ಥವಾದರೆ ಆಶ್ಚರ್ಯವಿಲ್ಲ. ಸುದ್ದಿ ಮತ್ತು ಆನ್‌ಲೈನ್ ಹಾಸ್ಯದ ಬಗ್ಗೆ ನನಗೆ ತೋಚಿದ್ದನ್ನು ಹೇಳುತ್ತೇನೆ.

ಟ್ರೋಲನ್ನು ಅನುವಾದಿಸಬೇಡಿ. ಟ್ರೋಲ್ ಯಾವ ಸುದ್ದಿಯ ಮೇಲೆ ಹುಟ್ಟಿತೋ ಆ ಸುದ್ದಿಗೆ ಹಿಂದಿರುಗಿ, ಅಲ್ಲಿಂದ ನಿಮ್ಮದೇ ಕನ್ನಡದಲ್ಲಿ ಹೊರಡಿ. 2025ರ ಜೂನ್ 14ರ ರಾತ್ರಿ ಬ್ರಿಟಿಷ್ ನೌಕಾಪಡೆಯ ಎಫ್-35ಬಿ ಯುದ್ಧವಿಮಾನ ತಿರುವನಂತಪುರದಲ್ಲಿ ತುರ್ತಾಗಿ ಇಳಿದು, ಹೈಡ್ರಾಲಿಕ್ ದೋಷದಿಂದ ಐದು ವಾರಗಳಿಗೂ ಹೆಚ್ಚು ಕಾಲ ಅಲ್ಲೇ ಉಳಿಯಿತು. ಕೇರಳ ಪ್ರವಾಸೋದ್ಯಮ ಇಲಾಖೆ ಆ ವಿಮಾನವೇ ಐದು ನಕ್ಷತ್ರಗಳ ಶಿಫಾರಸು ಬರೆದಂತೆ, ಈ ಊರು ಬಿಟ್ಟು ಹೋಗಲು ಮನಸ್ಸಿಲ್ಲವೆಂಬ ಅರ್ಥದ ಚಿತ್ರವೊಂದನ್ನು ಹಾಕಿತು. ಸರಕಾರಿ ಇಲಾಖೆಯೊಂದು ಟ್ರೋಲ್ ಮಾಡುವವರನ್ನೇ ಹಿಂದೆ ಹಾಕಿದ ಅಪರೂಪದ ದಿನ ಅದು. ನಾನು ಅದನ್ನು ಮನೆಯಲ್ಲಿ ಹೇಳುವಾಗ ಚಿತ್ರದ ಸುದ್ದಿಗೇ ಹೋಗಲಿಲ್ಲ. ವಿಮಾನ ಹೊರಟುಹೋದದ್ದು ಜುಲೈ 22ಕ್ಕೆ, ಆ ವರ್ಷದ ಆಟಿ ಅಮಾವಾಸ್ಯೆ 24ಕ್ಕೆ. ಇನ್ನೆರಡು ದಿನ ನಿಂತಿದ್ದರೆ, ರೋಗ ಬಾರದಿರಲೆಂದು ನಮ್ಮಲ್ಲಿ ಆ ದಿನ ಕುಡಿಯುವ ಪಾಲೆ ಮರದ ಕೆತ್ತೆಯ ಕಷಾಯ ಕುಡಿಸಿ ಕಳುಹಿಸಬಹುದಿತ್ತು, ಮತ್ತೆ ಒಂದು ವರ್ಷ ಯಾವ ದೋಷವೂ ಬರುತ್ತಿರಲಿಲ್ಲ ಎಂದೆ. ನಮ್ಮ ಅತ್ತೆಯವರು ನಗುವುದರ ಬದಲು ಗಂಭೀರವಾಗಿ ತಲೆಯಾಡಿಸಿದರು. ಉಳಿದವರು ನಕ್ಕದ್ದು ಅದಕ್ಕೆ.

ಇನ್ನು ನಮ್ಮ ಗಡಿಯ ಭಾಷೆಗಳೇ ವಾರವಾರವೂ ನಗು ಒದಗಿಸುತ್ತವೆ, ಅದಕ್ಕೆ ಬೆಂಗಳೂರಿನವರು ಅಸೂಯೆಪಡಬೇಕು. ಮಲಯಾಳದಲ್ಲಿ ನೀರಸ ಜೋಕಿಗೆ 'ಚಳಿ' ಎನ್ನುತ್ತಾರೆ, ಮೂಲಾರ್ಥ ಕೆಸರು. ಒಬ್ಬರು ಕೆಟ್ಟ ಜೋಕು ಹೇಳಿದಾಗ ಪಕ್ಕದವರು 'ಚಳಿ' ಎಂದರೆ, ಕನ್ನಡದವರು ಫ್ಯಾನ್ ನಿಲ್ಲಿಸಲು ಏಳುತ್ತಾರೆ. 'ಪಟ್ಟಿ'ಯ ವಿಷಯ ಹೇಳುವುದೇ ಬೇಡ. ಮತದಾರರ ಪಟ್ಟಿಯಲ್ಲಿ ನಮ್ಮ ಮನೆಯವರೆಲ್ಲರೂ ಇದ್ದೇವೆಂದು ನಾನು ಫೋನಿನಲ್ಲಿ ಸಂತೋಷದಿಂದ ಹೇಳುತ್ತಿದ್ದುದನ್ನು, ಕಣ್ಣೂರಿನಿಂದ ಮದುವೆಯಾಗಿ ಬಂದ ನೆರೆಮನೆಯಾಕೆ ಕೇಳಿಸಿಕೊಂಡರು. ಅವರಿಗೆ ಪಟ್ಟಿ ಎಂದರೆ ನಾಯಿ.

ಮಿತಿಯ ಬಗ್ಗೆ ಒಂದು ಮಾತು. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿಯವರ ನಿಧನಕ್ಕೆ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದಾಗ, ಮೆಟಾದ ಯಂತ್ರಾನುವಾದ ತೀರಿಕೊಂಡವರು ಮುಖ್ಯಮಂತ್ರಿಗಳೇ ಎಂಬಂತೆ ಇಂಗ್ಲಿಷಿಗೆ ತಿರುಗಿಸಿತು. ಕಂಪನಿ ಆಮೇಲೆ ಕ್ಷಮೆ ಕೇಳಿತು. ಈ ಸುದ್ದಿಯನ್ನು ಹೇಳಬಹುದೇ? ಯಂತ್ರದ ಕನ್ನಡ ಜ್ಞಾನದ ಮೇಲೆ ನಗಬಹುದು, ಸಾವಿನ ಮನೆಯ ಮೇಲೆ ಅಲ್ಲ. ಈ ಎರಡನ್ನು ಬೇರ್ಪಡಿಸಿ ಹೇಳುವುದು ಆ ವಾರ ನನ್ನಿಂದ ಸಾಧ್ಯವಾಗಲಿಲ್ಲ, ಹಾಗಾಗಿ ಬಿಟ್ಟುಬಿಟ್ಟೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಹಾಸ್ಯಗಾರರಿಗೆ ಈ ವಿವೇಕ ಸಹಜವಾಗಿ ಇರುತ್ತದೆ. ದೇವೇಂದ್ರನ ಒಡ್ಡೋಲಗದಲ್ಲಿ ಬಾಗಿಲು ಕಾಯುವ ದೂತ ಊರಿನ ರಸ್ತೆಯ ಹೊಂಡವನ್ನೂ ಕರೆಂಟ್ ಹೋದದ್ದನ್ನೂ ಸ್ವರ್ಗದ ಮಾತಿಗೆ ತರುತ್ತಾನೆ. ಆದರೆ ಎದುರು ಚಾಪೆಯಲ್ಲಿ ಕುಳಿತ ಬಡವನನ್ನು ಎಂದೂ ತರುವುದಿಲ್ಲ.

ಉತ್ತರ 3: ಕೋಣದ ಹಗ್ಗ

ಚಿಕ್ಕದೊಂದು ಸೇರ್ಪಡೆ. ಹೇಳುವ ಮೊದಲು ಅಂಕಿಗಳನ್ನು ಪರಿಶೀಲಿಸಿ, ಏಕೆಂದರೆ ಹಲವು ಸಲ ನಗು ಅಂಕಿಯಲ್ಲೇ ಅಡಗಿರುತ್ತದೆ. 2020ರ ಫೆಬ್ರವರಿಯಲ್ಲಿ ಕಂಬಳದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ ಅವರ ದಾಖಲೆ 9.58. ದೇಶವೇ ಬೆರಗಾಯಿತು, ದಿಲ್ಲಿಯಿಂದ ಓಟದ ಪರೀಕ್ಷೆಗೆ ಕರೆ ಬಂತು. ಗೌಡರು ಮಾತ್ರ ಕೋಣಗಳ ವೇಗವನ್ನು ಮರೆಯಬೇಡಿ ಎಂಬಂತೆ ನಯವಾಗಿ ಹಿಂಜರಿದರು. ಗದ್ದೆಯ ಕೆಸರಿನಲ್ಲಿ ನಿಂತು ನೋಡಿದ ನಮಗೆ, ಆ ಲೆಕ್ಕದಲ್ಲಿ ಎರಡು ಕೋಣಗಳು ಸಂಪೂರ್ಣವಾಗಿ ಬಿಟ್ಟುಹೋಗಿದ್ದುದೇ ದೊಡ್ಡ ಹಾಸ್ಯವಾಗಿ ಕಂಡಿತು. ಪರೀಕ್ಷೆಗೆ ಮೂವರನ್ನೂ ಕರೆಯಬೇಕಿತ್ತು.

ಉತ್ತರ 4: ನೀರ್ಚಾಲಿನವನು

ಎಲ್ಲ ವಾರವೂ ಹೆಲ್ಮೆಟ್ ಕ್ಯಾಚ್ ಸಿಗುವುದಿಲ್ಲ ಮಾಸ್ತರರೇ. ಬರಗಾಲದ ವಾರಕ್ಕೆಂದು ಒಂದೆರಡು ಹಳೆಯ ಸಂಗತಿಗಳನ್ನು ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯಂತೆ ಭರಣಿಯಲ್ಲಿ ಇಟ್ಟುಕೊಂಡಿರಿ. ಮೊದಲು ನಗಿಸಿ ಅನಂತರ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ವರ್ಷಕ್ಕೊಮ್ಮೆ ಕೊಡುವ ಇಗ್ ನೊಬೆಲ್ ಬಹುಮಾನ ಗಡಿಯ ಎರಡೂ ಬದಿಗೆ ಒಂದು ವರ್ಷದ ಅಂತರದಲ್ಲಿ ಬಂದಿದೆ. 2001ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರಿಗೆ, ಹದಿಹರೆಯದವರು ಮೂಗಿಗೆ ಬೆರಳು ಹಾಕುವ ಅಭ್ಯಾಸವನ್ನು ಅಧ್ಯಯನ ಮಾಡಿದ್ದಕ್ಕೆ. 2002ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಇಬ್ಬರಿಗೆ, ಆನೆಯ ಮೈಯ ಒಟ್ಟು ವಿಸ್ತೀರ್ಣವನ್ನು ಲೆಕ್ಕ ಹಾಕುವ ಸೂತ್ರ ಕೊಟ್ಟದ್ದಕ್ಕೆ. ಎರಡನೆಯದು ನಿಜಕ್ಕೂ ಉಪಯುಕ್ತ. ಆನೆಗೆ ಎಣ್ಣೆ ಹಚ್ಚುವವರು ಎಷ್ಟು ಡಬ್ಬಿ ತರಬೇಕೆಂದು ಮೊದಲೇ ತಿಳಿಯಬಹುದು.

ಆದರೆ ಇಂಥದ್ದನ್ನು ಈ ವಾರದ ಸುದ್ದಿಯೆಂದು ಹೇಳಬೇಡಿ. ಹಳೆಯದನ್ನು ಹಳೆಯದೆಂದೇ ಹೇಳಿದರೆ ಕೇಳುವವರು ಕ್ಷಮಿಸುತ್ತಾರೆ.

ಪ್ರಶ್ನೆ ಕೇಳಿದವರ ಮರುಮಾತು: ವಾಚನಾಲಯದ ಮಾಸ್ತರ್, ಬದಿಯಡ್ಕ

ಎಲ್ಲರಿಗೂ ಕೃತಜ್ಞತೆಗಳು. ಈ ಭಾನುವಾರ ಟ್ರೋಲ್‌ಗಳನ್ನು ಪೂರ್ತಿ ಕೈಬಿಟ್ಟು, ಪತ್ರಿಕೆಗಳನ್ನು ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ ಓದಿಕೊಂಡು ಹೋದೆ. ವಾರದ ಸಂಗತಿಗಳೆಂದು ಎರಡು ಸಿಕ್ಕಿದವು. ಭರಣಿಯಿಂದ ಹೆಲ್ಮೆಟ್ಟಿನ ಕಥೆಯನ್ನು, ಹಳೆಯದೆಂದು ಹೇಳಿಯೇ, ತೆಗೆದೆ. ಓದುಗಿ ಅಕ್ಕನವರು ಎಚ್ಚರಿಸಿದ್ದರಿಂದ ಶಾರ್ಟ್ ಲೆಗ್ ಎಂದರೇನೆಂದು ಮೊದಲೇ ಬೆಂಚುಗಳನ್ನು ಸರಿಸಿ ತೋರಿಸಿದೆ. ಒಬ್ಬ ಹುಡುಗನನ್ನು ಬ್ಯಾಟುಗಾರನಾಗಿ, ಇನ್ನೊಬ್ಬನನ್ನು ಸಲ್ಮಾನ್ ನಿಜಾರ್ ಆಗಿ ನಿಲ್ಲಿಸಿದೆ. ಹೆಲ್ಮೆಟ್ಟಿನ ಜಾಗಕ್ಕೆ ಹಿರಿಯರೊಬ್ಬರು ತಮ್ಮ ಹಾಳೆಯ ಟೊಪ್ಪಿ ಮುಟ್ಟಾಳೆಯನ್ನೇ ಕೊಟ್ಟರು.

ಕಥೆ ಮುಗಿದ ಮೇಲೆ, ಸ್ಕೋರ್ ಪಟ್ಟಿಯಲ್ಲಿ ಇದನ್ನು ಹೇಗೆ ಬರೆಯುತ್ತಾರೆಂದು ಏಳನೆಯ ತರಗತಿಯ ಹುಡುಗಿ ಕೇಳಿದಳು. ಕ್ಯಾಚ್ ಸಚಿನ್ ಬೇಬಿ, ಬೌಲಿಂಗ್ ಆದಿತ್ಯ ಸರ್ವಟೆ ಎಂದಷ್ಟೇ ಬರೆಯುತ್ತಾರೆಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಂದರೆ ತಲೆ ಕೊಟ್ಟವರ ಹೆಸರೇ ಇಲ್ಲವೇ ಮಾಸ್ಟ್ರೇ?" ಎಂದಳು. ಮುಟ್ಟಾಳೆಯ ಒಡೆಯರು ಅದನ್ನು ಹಿಂದಕ್ಕೆ ಪಡೆದು, ಧೂಳು ಕೊಡವಿ, ಅಡಿಕೆಗೆ ಔಷಧಿ ಸಿಂಪಡಿಸಲು ಮರ ಹತ್ತುವವರ ಹೆಸರೂ ಧಾರಣೆಯ ಪಟ್ಟಿಯಲ್ಲಿ ಇರುವುದಿಲ್ಲವೆಂದರು. ಮಾತು ಪುನಃ ಅಡಿಕೆಗೆ ಹೋಯಿತು.