ಅಜ್ಜನ ತೋಟಾ ಮಡಿಸುವ ಮೆಷಿನ್ ಜಾಮ್ ಆಗಿದೆ, ಹ್ಯಾಂಡಲ್ ಅಲ್ಲಾಡ್ತಾನೇ ಇಲ್ಲ. ಯಾರಾದ್ರೂ ಹೇಳಿ

ಹೆತ್ತೂರು_ಹುಡ್ಗ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ನಮ್ಮ ಅಜ್ಜನ ಕಾಲದ ಒಂದು ಮೆಷಿನ್ ಇದೆ, 12 ಬೋರ್ ಕೋವಿಯ ತೋಟಾ (ಕಾರ್ಟ್ರಿಜ್) ಬಾಯಿ ಮಡಿಸೋದು. ಟೇಬಲ್ ಅಂಚಿಗೆ ಕಚ್ಚಿಸಿ, ಕೈಯಲ್ಲಿ ತಿರುಗಿಸೋದು. ಅದರ ಹ್ಯಾಂಡಲ್ ಒಂದು ಕೂದಲೆಳೆಯಷ್ಟೂ ತಿರುಗುತ್ತಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಒಂದು ಪೂರ್ತಿ ಡಬ್ಬ ಖಾಲಿ ಮಾಡಿದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಊಹೂಂ.

ಇನ್ನೊಂದು, ಟೇಬಲ್‌ಗೆ ಬಿಗಿ ಮಾಡುವ ಸ್ಕ್ರೂ ಕಳೆದುಹೋಗಿದೆ. ಹಾಸನದಲ್ಲಿ 8 ಎಂಎಂ ಬೋಲ್ಟ್ ತಂದು ಹಾಕಿದೆ. ಎರಡು ಸುತ್ತು ಚೆನ್ನಾಗಿ ಹೋಯಿತು, ಆಮೇಲೆ ನಿಂತಿತು. ಸ್ಪ್ಯಾನರ್ ಹಾಕಿ ತಿರುಗಿಸಿದ್ದಕ್ಕೆ ಹಳದಿ ಪುಡಿ ಉದುರಿತು. ಅಂಗಡಿಯವನು ಸೈಜ್ ಸರಿ ಇದೆ ಅಂತಾನೆ. ಪಾರ್ಟ್ಸ್ ಎಲ್ಲಿ ಸಿಗುತ್ತೆ? ಬೇಗ ಹೇಳಿ ಪ್ಲೀಸ್.

ಆಲ್ದೂರು_ಎಸ್ಟೇಟ್
ತುಕ್ಕು. ಬೇರೆ ಏನೂ ಅಲ್ಲ. ನಮ್ಮ ಕಡೆ ಮಳೆಗೆ ಬೀಗದ ಕೈ ಕೂಡ ತುಕ್ಕು ಹಿಡಿಯುತ್ತೆ, ಇನ್ನು ಇದನ್ನ ಕೇಳಬೇಕಾ. ಬ್ಲೋ ಲ್ಯಾಂಪ್ ಹಿಡಿದು ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ಎರಡು ಕೊಡಿ. ಬಿಡುತ್ತೆ.

ಲೇತ್_ಮೇಷ್ಟ್ರು_ಹಾಸನ
ಅಯ್ಯೋ, ಕಾಯಿಸಬೇಡಪ್ಪಾ. ಮೊದಲು ಹೇಳು: ಬಾಡಿ ಹಿತ್ತಾಳೆಯೋ, ಬೀಡು ಕಬ್ಬಿಣವೋ? ಮೇಲೆ ಹೆಸರು ಏನಾದರೂ ಕೆತ್ತಿದೆಯಾ? ಫೋಟೋ ಹಾಕದೆ ಜಾಮ್ ಜಾಮ್ ಅಂದರೆ ನಾನು ಏನು ಹೇಳಲಿ. ಹಳದಿ ಪುಡಿ ಬಂತು ಅಂದಿದ್ದೀಯ, ಅದಕ್ಕೆ ಹಿತ್ತಾಳೆ ಇರಬೇಕು ಅನ್ನಿಸುತ್ತೆ. ಹಿತ್ತಾಳೆಗೆ ಬ್ಲೋ ಲ್ಯಾಂಪ್ ಹಿಡಿದು ಕೆಂಪಗೆ ಮಾಡಿದರೆ ಮೆತ್ತಗಾಗುತ್ತೆ. ಅದರ ಮೇಲೆ ಸುತ್ತಿಗೆ ಬಿದ್ದರೆ ಅಜ್ಜನ ಮೆಷಿನ್ ಗುಜರಿಗೇ.

ಬೇಲೂರು_ವಕೀಲ
ರಿಪೇರಿ ಆಮೇಲೆ. ಇದನ್ನ ಇಟ್ಟುಕೊಂಡು ಏನು ಮಾಡ್ತೀರಿ ಅಂತ ಮೊದಲು ಹೇಳಿ. 1959ರ ಆರ್ಮ್ಸ್ ಆಕ್ಟ್, ಸೆಕ್ಷನ್ 5. ತೋಟಾ ತಯಾರಿಸೋಕೆ ಲೈಸೆನ್ಸ್ ಬೇಕು. ಮನೆಯಲ್ಲಿ ಕೋವಿ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಮದ್ದು ತುಂಬಬಹುದು ಅಂತ ಅಲ್ಲ.

ಮೂಡಿಗೆರೆ_ಮಳೆ
ಬಂದ್ರಪ್ಪಾ ವಕೀಲರು. ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೆ ಮಾತ್ರ ಎಲ್ಲಾ ರೂಲ್ಸು.

ಬೇಲೂರು_ವಕೀಲ
ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ಹಿಡಿದುಕೊಂಡು ಓಡಾಡೋಕೆ. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇದೆ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು. ಅದರಲ್ಲಿ ತೋಟಾ ಮಾಡಿಕೊಳ್ಳಿ ಅಂತ ಎಲ್ಲೂ ಬರೆದಿಲ್ಲ. ಸುಮ್ನೆ ಹೇಳಬೇಡಿ.

ಮೂಡಿಗೆರೆ_ಮಳೆ
ಎಲೆಕ್ಷನ್ ಬಂದಾಗ ಸ್ಟೇಷನ್ನಿನಲ್ಲಿ ಕ್ಯೂ ನಿಂತು ಕೋವಿ ಜಮಾ ಮಾಡೋನು ನಾನು. ಆನೆ ಬಂದಾಗ ಡಬ್ಬ ಬಡಿಯೋನೂ ನಾನೇ. ಆ ಸಂಕಟಕ್ಕೆ ಹೇಳಿದೆ ಅಷ್ಟೆ.

ಹೆತ್ತೂರು_ಹುಡ್ಗ
ಸರ್, ನಾನು ಮದ್ದು ಗಿದ್ದು ಏನೂ ತುಂಬಲ್ಲ. ಅಜ್ಜನ ಕೋವಿಯನ್ನ ಅಪ್ಪ ಯಾವತ್ತೋ ಸರೆಂಡರ್ ಮಾಡಿ ಆಯಿತು. ಮನೆಯಲ್ಲಿ ಉಳಿದಿರೋದು ಇದೊಂದೇ. ಹಾಲ್‌ನಲ್ಲಿ ಶೋಕೇಸ್‌ಗೆ ಇಡಬೇಕು, ನೆಂಟರು ಬಂದರೆ ಹ್ಯಾಂಡಲ್ ತಿರುಗಿಸಿ ತೋರಿಸಬೇಕು. ಅಷ್ಟೇ ಆಸೆ.

ಮೇಷ್ಟ್ರೇ, ಹೌದು, ಹಿತ್ತಾಳೆ. ಅದು ಗೊತ್ತಿರುತ್ತೆ ಅಂದುಕೊಂಡೆ. ಒಳಗಿನ ಕಂಬಿ ಕಬ್ಬಿಣ, ಅಯಸ್ಕಾಂತ ಹಿಡಿಯುತ್ತೆ. ಹ್ಯಾಂಡಲ್ ತುದಿಗೆ ಮರದ ಗುಂಡು. ಪಕ್ಕದಲ್ಲಿ 12 ಅಂತ ಕೆತ್ತಿದೆ. ಹೆಸರು ಇಲ್ಲ, ಇದ್ದರೂ ಸವೆದು ಹೋಗಿದೆ.

ಕೊಪ್ಪ_ಕಲೆಕ್ಟರ್
(ಡಿ.ಸಿ. ಅಲ್ಲಪ್ಪಾ, ಹಳೇ ಸಾಮಾನು ಕಲೆಕ್ಟ್ ಮಾಡೋನು.) ಅದು ಇಂಗ್ಲೆಂಡಿನ ಶೆಫೀಲ್ಡ್ ಮಾಲು. ಜೇಮ್ಸ್ ಡಿಕ್ಸನ್ ಕಂಪನಿಯದ್ದು ಇರಬಹುದು, ಇಲ್ಲಾ ಹಾಕ್ಸ್‌ಲಿ. ನನ್ನ ಹತ್ತಿರ ಎರಡೂ ಇವೆ. ಜೊತೆಗೆ 16 ಬೋರಿಂದು ಒಂದು. ಮದ್ದಿನ ಬುರುಡೆ ಏಳು, ಎಲ್ಲಾ ತಾಮ್ರದ್ದು. ತೇಗದ ಬೀರು ಮಾಡಿಸಿ ಒಳಗೆ ಲೈಟ್ ಹಾಕಿಸಿದ್ದೇನೆ. ಅಮೆರಿಕದಲ್ಲಿರುವ ಅಳಿಯನ ಮನೆಯಲ್ಲಿ ಮೆಕ್ ಕಂಪನಿಯ ತೋಟಾ ಪ್ರೆಸ್ ಇದೆ, ವಿಸ್ಕಾನ್ಸಿನ್‌ದು. ಅದಕ್ಕೆ ಒಂದು ಸ್ಪ್ರಿಂಗ್ ಹೋದರೂ ಕಂಪನಿಗೇ ಬರೆದು ತರಿಸಿಕೊಳ್ಳಬಹುದು. ನಮ್ಮ ಈ ಹಳೇ ಹಿತ್ತಾಳೆಯವಕ್ಕೆ ಪಾರ್ಟ್ಸ್ ಅಂದರೆ ಇನ್ನೊಂದು ಕೆಟ್ಟ ಮೆಷಿನ್ನೇ.

ಮೂಡಿಗೆರೆ_ಮಳೆ
ಗೊತ್ತಿಲ್ಲ ಅಂತ ಕೇಳ್ತೀನಿ, ಇದು ಮಾಡೋದಾದರೂ ಏನು?

ಕೊಪ್ಪ_ಕಲೆಕ್ಟರ್
ಹಳೇ ತೋಟಾದ ಕೇಸು ದಪ್ಪ ಕಾಗದದ್ದು. ಬುಡಕ್ಕೆ ಮಾತ್ರ ಹಿತ್ತಾಳೆ. ತುಂಬಿದ ಮೇಲೆ ಬಾಯಿಗೆ ಒಂದು ರಟ್ಟಿನ ಬಿಲ್ಲೆ ಇಡ್ತಿದ್ದರು. ಈ ಮೆಷಿನ್‌ನಲ್ಲಿ ಕೇಸನ್ನ ಕೂರಿಸಿ, ಸನ್ನೆಯಿಂದ ಮುಂದಕ್ಕೆ ಒತ್ತಿ, ಹ್ಯಾಂಡಲ್ ತಿರುಗಿಸಿದರೆ ಕಾಗದದ ಅಂಚು ಒಳಗೆ ಸುರುಳಿಯಾಗಿ ಬಿಲ್ಲೆಯನ್ನ ಹಿಡಿದುಕೊಳ್ಳುತ್ತೆ. ಕರ್ಜಿಕಾಯಿ ಅಂಚು ಮಡಿಸ್ತಾರಲ್ಲ, ಹಾಗೆ. 1960ರಲ್ಲಿ ರೆಮಿಂಗ್ಟನ್ ಪ್ಲಾಸ್ಟಿಕ್ ಕೇಸ್ ತಂದ ಮೇಲೆ ಕಾಗದದ್ದು ಮೆಲ್ಲಗೆ ಹಿಂದೆ ಬಿತ್ತು. ಈಗಿನ ಪ್ಲಾಸ್ಟಿಕ್ ತೋಟಾದ ಬಾಯಿ ನೋಡಿ, ಹೂವಿನ ಎಸಳಿನ ಥರ ಆರೋ ಎಂಟೋ ಮಡಿಕೆ ಇರುತ್ತೆ. ಅದಕ್ಕೆ ಬೇರೆ ಪ್ರೆಸ್ ಬೇಕು. ಮಲೆನಾಡಿನ ಮಳೆಗೆ ಕಾಗದದ ತೋಟಾ ಊದಿಕೊಂಡು ನಳಿಗೆಗೇ ಹೋಗ್ತಿರಲಿಲ್ಲ ಅಂತ ನಮ್ಮಪ್ಪ ಬಯ್ಯೋರು.

ಆಲ್ದೂರು_ಎಸ್ಟೇಟ್
ಕಥೆ ಸಾಕು. ಕಂಬಿ ಕಬ್ಬಿಣ ಅಂತ ಅವರೇ ಹೇಳಿದರಲ್ಲ. ಕಬ್ಬಿಣ ಅಂದಮೇಲೆ ತುಕ್ಕು. ಅಟ್ಟದಲ್ಲಿ ಐವತ್ತು ಮಳೆಗಾಲ ಕಂಡಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಷಾಫ್ಟ್ ಹೀಗೇ ಆಗಿತ್ತು. ಕಾಯಿಸಿದೆ, ಬಿಟ್ಟಿತು.

ಲೇತ್_ಮೇಷ್ಟ್ರು_ಹಾಸನ
ಗೌಡ್ರೇ, ಪಲ್ಪರ್ ಷಾಫ್ಟ್ ನಿಮ್ಮ ತೊಡೆ ದಪ್ಪ. ಇದು ಪೆನ್ಸಿಲ್ ದಪ್ಪ. ಅಟ್ಟದಲ್ಲಿತ್ತು ಅಂತ ಹುಡುಗ ಎಲ್ಲಿ ಹೇಳಿದ?

ತಮ್ಮಾ, ಬೋಲ್ಟ್ ವಿಷಯ ಮೊದಲು ಮುಗಿಸೋಣ. ಅದು 8 ಎಂಎಂ ಅಲ್ಲ. ಇಂಗ್ಲೆಂಡ್ ಮಾಲು ಅಂದರೆ ವಿಟ್‌ವರ್ತ್ ಮರೆ, ಅಂದರೆ ಬೋಲ್ಟಿನ ಸುರುಳಿ ಗೆರೆ ಹಳೇ ಇಂಚಿನ ಅಳತೆಯದ್ದು. ನನ್ನ ಲೆಕ್ಕದಲ್ಲಿ ಎರಡೂವರೆ ಸೂತ್, ಅಂದರೆ ಇಂಚಿನ ಹದಿನಾರರಲ್ಲಿ ಐದು ಭಾಗ. ಎಂಎಂನಲ್ಲಿ 7.94. ದಪ್ಪ ಹೆಚ್ಚುಕಮ್ಮಿ ಒಂದೇ, ಅದಕ್ಕೇ ಅಂಗಡಿಯವನು ಸರಿ ಇದೆ ಅಂದಿದ್ದು. ಆದರೆ ಮರೆ ಬೇರೆ. 8 ಎಂಎಂ ಬೋಲ್ಟಿನಲ್ಲಿ ಒಂದು ಮರೆಯಿಂದ ಇನ್ನೊಂದಕ್ಕೆ 1.25 ಎಂಎಂ. ವಿಟ್‌ವರ್ತ್‌ನಲ್ಲಿ ಇಂಚಿಗೆ 18 ಮರೆ, ಅಂದರೆ 1.41. ಎರಡು ಸುತ್ತಿಗೆ ಮೂರನೇ ಒಂದು ಎಂಎಂ ತಪ್ಪುತ್ತೆ. ಅಲ್ಲಿಗೆ ಕಚ್ಚಿಕೊಳ್ಳುತ್ತೆ. ಮರೆಯ ಕೋನವೂ ಬೇರೆ, ವಿಟ್‌ವರ್ತ್ 55 ಡಿಗ್ರಿ, ಎಂಎಂ ಬೋಲ್ಟ್ 60. ನೀನು ಸ್ಪ್ಯಾನರ್ ಹಾಕಿದಾಗ ಉದುರಿದ್ದು ಅಜ್ಜನ ಮೆಷಿನ್ನಿನ ಮರೆ.

ಹಳೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಎರಡೂವರೆ ಸೂತ್ ಬೋಲ್ಟ್ ಕೊಡಿ" ಅನ್ನು. ಎಂಎಂ ಅನ್ನಬೇಡ. ಬೆರಳಲ್ಲೇ ತಿರುಗಿಸು, ನಿಂತರೆ ಬಿಟ್ಟುಬಿಡು.

ಕೊಪ್ಪ_ಕಲೆಕ್ಟರ್
ಹಿತ್ತಾಳೆಗೆ ಹಿತ್ತಾಳೆ ಸ್ಕ್ರೂನೇ ಹಾಕಬೇಕು. ಕಬ್ಬಿಣದ ಬೋಲ್ಟ್ ಹಾಕಿದರೆ ವ್ಯಾಲ್ಯೂ ಹೋಗುತ್ತೆ.

ಲೇತ್_ಮೇಷ್ಟ್ರು_ಹಾಸನ
ಅವನು ಮಾರೋಕೆ ಹೊರಟಿಲ್ಲ.

ಕೊಪ್ಪ_ಕಲೆಕ್ಟರ್
ಮಾರೋದಾದರೆ ಹೇಳಿ.

ಹೆತ್ತೂರು_ಹುಡ್ಗ
ಮಾರಲ್ಲ ಸರ್. ಅಟ್ಟದಲ್ಲೂ ಇರಲಿಲ್ಲ. ಅಜ್ಜಿ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಹೊರಗೆ ಒಂದು ಚುಕ್ಕೆ ತುಕ್ಕಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ತೆಗೆದು, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಮತ್ತೆ ಸುತ್ತಿ ಇಡ್ತಿದ್ದರು. ಇಷ್ಟು ಚೆನ್ನಾಗಿ ನೋಡಿಕೊಂಡಿದ್ದೂ ಯಾಕೆ ಹೀಗಾಯಿತು ಅಂತಲೇ ನನಗೆ ಅರ್ಥ ಆಗ್ತಿಲ್ಲ.

ಲೇತ್_ಮೇಷ್ಟ್ರು_ಹಾಸನ
ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ ಮಾರಾಯ? ಯಾವ ಎಣ್ಣೆ? ಅಜ್ಜಿಯನ್ನ ಕೇಳಿ ಹೇಳು.

ಹೆತ್ತೂರು_ಹುಡ್ಗ
ಕೇಳಿದೆ. ಹರಳೆಣ್ಣೆ. "ನಿಮ್ಮಜ್ಜ ಅದನ್ನೇ ಬಿಡ್ತಿದ್ದರು, ನಾನೂ ಅದನ್ನೇ ಬಿಟ್ಟೆ, ಎಲ್ಲಾ ತೂತಿಗೂ ಬಿಟ್ಟಿದ್ದೀನಿ" ಅಂದರು.

ಲೇತ್_ಮೇಷ್ಟ್ರು_ಹಾಸನ
ಸಿಕ್ಕಿತು. ತುಕ್ಕಲ್ಲ, ಅಂಟು.

ಹರಳೆಣ್ಣೆ ಒಳ್ಳೇ ಎಣ್ಣೆನೇ. ಹಿಂದೆ ರೇಸ್ ಎಂಜಿನ್‌ಗೂ ಹಾಕ್ತಿದ್ದರು. ಆದರೆ ಬಳಸದೆ ವರ್ಷಗಟ್ಟಲೆ ಇಟ್ಟರೆ ಗಟ್ಟಿಯಾಗಿ ವಾರ್ನಿಷ್ ಥರ ಕೂತುಬಿಡುತ್ತೆ. ಸಣ್ಣ ವಿಮಾನದ ಮಾಡೆಲ್ ಎಂಜಿನ್ ಇಟ್ಟಿರೋರನ್ನ ಕೇಳು, ಎಲ್ಲರಿಗೂ ಇದೇ ಗೋಳು. ನಿನ್ನ ಅಜ್ಜಿ ವರ್ಷಕ್ಕೊಂದು ಕೋಟ್ ಹೊಡೆದಿದ್ದಾರೆ, ನಡುವೆ ಅರಿಶಿನ ಕುಂಕುಮದ ಪುಡಿ ಬೇರೆ. ಆ ಸಂದಿನಲ್ಲಿ ಈಗ ಎಣ್ಣೆ ಇಲ್ಲ, ಗಾರೆ ಇದೆ.

ಸೀಮೆಎಣ್ಣೆ, ಸ್ಪ್ರೇ ಯಾಕೆ ಕೆಲಸ ಮಾಡಲಿಲ್ಲ ಗೊತ್ತಾ? ಹರಳೆಣ್ಣೆ ಬೇರೆ ಎಣ್ಣೆಗಳ ಹಾಗಲ್ಲ. ಸೀಮೆಎಣ್ಣೆ ಜೊತೆ ಸರಿಯಾಗಿ ಬೆರೆಯಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತೆ. ಪಾಲಿಶ್ ಮಾಡೋರು ಬಳಸುವ ಸ್ಪಿರಿಟ್ ತಗೋ. ಮರದ ಗುಂಡು ಮೊದಲು ಬಿಚ್ಚು, ಅದರ ಮೇಲೆ ಅರಗಿನ ಪಾಲಿಶ್ ಇದ್ದರೆ ಸ್ಪಿರಿಟ್‌ಗೆ ಎದ್ದುಬರುತ್ತೆ. ಮುಚ್ಚಳ ಇರುವ ಡಬ್ಬದಲ್ಲಿ ಎರಡು ದಿನ ಮುಳುಗಿಸಿಡು, ಒಲೆ ಹತ್ತಿರ ಬೇಡ. ಆಮೇಲೆ ತೆಗೆದು, ಸ್ಪಿರಿಟ್ ಪೂರ್ತಿ ಆರಿ ವಾಸನೆ ಹೋದ ಮೇಲೆ, ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸು. ಬಿಸಿ ಇದ್ದಾಗಲೇ, ಕೈಗೆ ಬಟ್ಟೆ ಸುತ್ತಿಕೊಂಡು, ಹ್ಯಾಂಡಲನ್ನ ಹಿಂದೆ ಮುಂದೆ ಅಲ್ಲಾಡಿಸು. ಒಂದೇ ಕಡೆ ಬಲ ಹಾಕಬೇಡ. ಹಿತ್ತಾಳೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ, ಅದೂ ಒಂಚೂರು ಸಹಾಯ.

ಆಲ್ದೂರು_ಎಸ್ಟೇಟ್
ಎಣ್ಣೆ ಹಾಕಿದ್ದಕ್ಕೆ ಜಾಮ್ ಆಯಿತಂತೆ! ಈ ವಯಸ್ಸಿಗೆ ಇದೊಂದು ಕೇಳೋದು ಬಾಕಿ ಇತ್ತು.

ಬೇಲೂರು_ವಕೀಲ
ನಮ್ಮ ಮನೆ ಹೊಲಿಗೆ ಮೆಷಿನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟು ಇದೇ ಕಥೆ ಆಗಿತ್ತು. ಮೇಷ್ಟ್ರು ಹೇಳೋದು ಸರಿ ಇರಬಹುದು.

ಮೂಡಿಗೆರೆ_ಮಳೆ
ಸೆಕ್ಷನ್ ಎಷ್ಟು ಸರ್, ಕೊಬ್ಬರಿ ಎಣ್ಣೆಗೆ?

ಹೆತ್ತೂರು_ಹುಡ್ಗ
ನಾಲ್ಕು ದಿನ ಆದಮೇಲೆ ಬರೀತಿದ್ದೇನೆ.

ಬೋಲ್ಟ್ ಸಿಕ್ಕಿತು. ಮೂರು ಅಂಗಡಿಯಲ್ಲಿ ಇಲ್ಲ ಅಂದರು. ನಾಲ್ಕನೆಯವರು ವಯಸ್ಸಾದವರು. "ಎರಡೂವರೆ ಸೂತಾ?" ಅಂತ ನನ್ನ ಮುಖ ಒಂದು ಸಲ ನೋಡಿ, ಒಳಗಿಂದ ಧೂಳು ಹಿಡಿದ ಡಬ್ಬ ತಂದರು. ನಾನು ಹಾಳು ಮಾಡಿದ ಮೊದಲ ಎರಡು ಮರೆ ಸ್ವಲ್ಪ ಸಡಿಲ, ಅದನ್ನ ದಾಟಿದ ಮೇಲೆ ಬೆರಳಲ್ಲೇ ಸಲೀಸಾಗಿ ಕೊನೆವರೆಗೂ ಹೋಯಿತು.

ಸ್ಪಿರಿಟ್‌ನಲ್ಲಿ ಎರಡು ದಿನ ಇಟ್ಟೆ. ಕಂದು ಬಣ್ಣದ ಜೋನಿಬೆಲ್ಲದ ಥರ ಏನೋ ಅಂಚಲ್ಲಿ ಬಂದು ಕೂತಿತು. ಅದನ್ನ ಒರೆಸಿ, ಒಣಗಿಸಿ, ಸೋಡಾ ಹಾಕಿ ಕುದಿಸಿದೆ. ಐದು ನಿಮಿಷಕ್ಕೆ ನೀರೆಲ್ಲಾ ಕೆಂಪು! ಅಜ್ಜಿ ನೋಡಿ ಗಾಬರಿ ಆದರು. ಅರ್ಧ ಗಂಟೆ ಆದಮೇಲೆ ಬಟ್ಟೆ ಹಿಡಿದು ಅಲ್ಲಾಡಿಸಿದರೆ ಮೊದಲು "ಟಿಕ್" ಅಂತು. ಒಂದು ಅಕ್ಕಿಕಾಳಿನಷ್ಟು ಸರಿಯಿತು. ಮತ್ತೆ ಕುದಿಸಿದೆ. ಕಾಲು ಸುತ್ತು. ಮೂರನೇ ಸಲ ಕುದಿಸಿದ ಮೇಲೆ ಪೂರ್ತಿ ತಿರುಗಿತು. ಮೇಷ್ಟ್ರೇ, ಕಾಲಿಗೆ ಬಿದ್ದೆ.

ಆಲ್ದೂರು_ಎಸ್ಟೇಟ್
ನೀರು ಕೆಂಪಾಯಿತು ತಾನೇ? ಕೆಂಪು ಅಂದರೇನು? ತುಕ್ಕು. ನಾನು ಮೊದಲ ದಿನವೇ ಹೇಳಿದ್ದೆ.

ಲೇತ್_ಮೇಷ್ಟ್ರು_ಹಾಸನ
ಗೌಡ್ರೇ, ಅರಿಶಿನಕ್ಕೆ ಸೋಡಾ ಬಿದ್ದರೆ ಕೆಂಪಾಗುತ್ತೆ. ನಿಮ್ಮ ಮನೆಯಲ್ಲಿ ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡಲ್ವಾ? ಇದೂ ಅದೇ.

ಆಲ್ದೂರು_ಎಸ್ಟೇಟ್
ಸ್ವಲ್ಪ ಓಕುಳಿ ಇರಬಹುದು. ಜೊತೆಗೆ ತುಕ್ಕೂ ಇತ್ತು.

ಹೆತ್ತೂರು_ಹುಡ್ಗ
ಒಂದು ಕೊನೇ ಡೌಟ್. ತಿರುಗುವ ತಲೆಯ ಒಳಗೆ ಎರಡು ಸಣ್ಣ ಮೊಳೆ ಥರ ಇವೆ. ಅದರಲ್ಲಿ ಒಂದು ಪೂರ್ತಿ ಸವೆದು ಹೋಗಿದೆ. ದಪ್ಪ ಕಾಗದದ ಕೊಳವೆ ಸುತ್ತಿ ಹಾಕಿ ನೋಡಿದೆ. ಅಂಚು ಒಂದು ಕಡೆ ಮಾತ್ರ ಮಡಿಸುತ್ತೆ, ಇನ್ನೊಂದು ಕಡೆ ಹರಿಯುತ್ತೆ.

ಲೇತ್_ಮೇಷ್ಟ್ರು_ಹಾಸನ
ಆ ಮೊಳೆಯೇ ಕಾಗದವನ್ನ ಒಳಗೆ ತಳ್ಳೋದು. ಹೊಸದು ಎಲ್ಲೂ ಸಿಗಲ್ಲ. ಹಳೇ ಡ್ರಿಲ್ ಬಿಟ್ಟಿನ ಹಿಂಬದಿ ಇರುತ್ತಲ್ಲ, ನುಣುಪಾದ ಭಾಗ, ಅದರಲ್ಲಿ ಒಂದು ತುಂಡು ಕತ್ತರಿಸಿ, ತುದಿಯನ್ನ ಎಣ್ಣೆಕಲ್ಲಿನಲ್ಲಿ ಗುಂಡಗೆ ಮಾಡಿ ಕೂರಿಸಿದರೆ ಆಯಿತು. ಹಳೇ ಮೊಳೆಯ ದಪ್ಪ ವರ್ನಿಯರ್‌ನಲ್ಲಿ ಅಳೆದು ಹೇಳು. ಹಾಸನಕ್ಕೆ ಬಂದರೆ ತಗೊಂಡು ಬಾ, ಹತ್ತು ನಿಮಿಷದ ಕೆಲಸ. ಮತ್ತೆ, ಇನ್ನು ಮುಂದೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ತೊಟ್ಟು. ಅಜ್ಜಿಗೆ ಹೇಳು.

ಹೆತ್ತೂರು_ಹುಡ್ಗ
ಹೇಳಿದೆ. "ಪೂಜೆಗೆ ಹೊಲಿಗೆ ಮೆಷಿನ್ ಎಣ್ಣೆಯಾ?" ಅಂತ ಕೇಳಿದರು. ಸದ್ಯಕ್ಕೆ ಕುಂಕುಮ ಹೊರಗೆ ಮಾತ್ರ ಅಂತ ರಾಜಿ ಆಗಿದೆ, ಎಣ್ಣೆ ವಿಷಯ ಇನ್ನೂ ಬಗೆಹರಿದಿಲ್ಲ. ಶನಿವಾರ ಬರ್ತೀನಿ ಮೇಷ್ಟ್ರೇ.

ಕೊಪ್ಪ_ಕಲೆಕ್ಟರ್
ಈಗ ತಿರುಗುತ್ತೆ ಅಂದರೆ ರೇಟ್ ಬೇರೆ. ಮತ್ತೊಂದು ಸಲ ಯೋಚನೆ ಮಾಡಿ.